ಬೇಡ ಅನ್ನುವವರು ಬೇಕಾಗಿದ್ದಾರೆ

ಆ ಊರಿನ ನಡುವೆ ಒಂದು ಚೌಕ. ಚೌಕದ ಸುತ್ತ ಒಂದು ಹಗ್ಗ. ಹಗ್ಗಕ್ಕೆ ಒಂದು ಗಂಟು. ಮದುವೆ ಇರಲಿ, ಕುಸ್ತಿ ಇರಲಿ, ಹಾಡಿಕೆ ಇರಲಿ, ಕೂಸಿಗೆ ಹೆಸರಿಡುವುದಿರಲಿ, ನಾಲ್ಕು ಜನ ಸೇರುವ ಕೆಲಸವೆಲ್ಲ ಆ ಚೌಕದಲ್ಲೇ ಆಗಬೇಕು, ಸಭೆಯ ಹಿರಿಯ ಬಂದು ಗಂಟು ಬಿಚ್ಚಿದ ಮೇಲೆಯೇ ಆಗಬೇಕು. ಕೆಲಸ ಮುಗಿಯಿತೋ, ಮತ್ತೆ ಹಗ್ಗ, ಮತ್ತೆ ಗಂಟು.

ಇಷ್ಟೇ ಆಗಿದ್ದರೆ ಹತ್ತೂರಿನಲ್ಲಿ ಅದೂ ಒಂದೂರು ಎಂದು ನಾನು ಸುಮ್ಮನಾಗುತ್ತಿದ್ದೆ. ಆದರೆ ಆ ಊರಿನ ಸಭೆಗೆ ಬೇರೆಲ್ಲೂ ಇಲ್ಲದ ಒಂದು ಕಟ್ಟಳೆ ಇತ್ತು. ಒಬ್ಬರಾದರೂ ಬಂದು 'ಬೇಡ' ಅನ್ನುವ ತನಕ ಸಭೆ 'ಆಗಲಿ' ಅನ್ನುತ್ತಿರಲಿಲ್ಲ. ಚೌಕದ ಮೂಲೆಯಲ್ಲಿ, ಹಗ್ಗದ ಹೊರಗೆ, ಒಂದು ಕರಿಕಲ್ಲು, ಅದಕ್ಕೆ ತಕರಾರಿನ ಕಲ್ಲು ಎಂದೇ ಹೆಸರು. ಅದರ ಮೇಲೆ ಕೂತು ಯಾರಾದರೂ ಬೇಡ ಅನ್ನಬೇಕು, ಯಾಕೆ ಬೇಡ ಎಂದು ಹೇಳಬೇಕು. ಆ ಬೇಡಕ್ಕೆ ಉತ್ತರ ಸಿಗಬೇಕು. ಆಮೇಲೆ ಗಂಟು.

ಹಿಂದೆ ಯಾವಾಗಲೋ ಎಲ್ಲರೂ ಹೂಂ ಹೂಂ ಅಂದುಕೊಂಡು ಒಂದು ಹಬ್ಬ ಮಾಡಿದರಂತೆ. ಹಬ್ಬದ ಮರುದಿನ ಅರ್ಧ ಊರು ಇನ್ನರ್ಧ ಊರಿನ ಜೊತೆ ಮಾತು ಬಿಟ್ಟಿತಂತೆ. ಹೊಟ್ಟೆಯಲ್ಲಿ ಉಳಿದ ಬೇಡ ಹುಳಿಯಾಗುತ್ತದೆ, ಬಾಯಿಗೆ ಬಂದ ಬೇಡಕ್ಕೆ ಮದ್ದಿದೆ ಎಂದು ಆ ಕಾಲದವರು ಕಲ್ಲು ತಂದು ಹಾಕಿದರು. ಒಳ್ಳೆಯ ಬುದ್ಧಿಯೇ, ನಾನೇನೂ ಅಲ್ಲಗಳೆಯುವುದಿಲ್ಲ.

ಕಾಲ ಹೋದಂತೆ ಬೇಡ ಅನ್ನುವುದೇ ಒಂದು ಮರ್ಯಾದೆಯಾಯಿತು. ತಕರಾರು ಹೇಳಿದವರಿಗೆ ಮೊದಲ ಮಣೆ, ಮೊದಲ ಎಲೆ. ಮದುವೆಯಾದರೆ ಮೊದಲ ಅಕ್ಷತೆ ಅವರದು. ತೊಟ್ಟಿಲಾದರೆ ಮೊದಲು ತೂಗುವ ಕೈ ಅವರದು, ಮನೆಯವರು ಕಿವಿಯಲ್ಲಿ ಹೇಳಿದ ಹೆಸರನ್ನು ಮೊದಲು ಕೂಗುವ ಬಾಯಿಯೂ ಅವರದೇ. ಅದಕ್ಕೇ ಬೀಗರ ಮನೆಗೆ ಎಲೆ ಅಡಿಕೆ ಹಿಡಿದುಕೊಂಡು ಹೋಗಿ, "ದೊಡ್ಡ ಮನಸ ಮಾಡಿ ನಮ್ಮ ಮಗಳ ಮದುವಿಗೆ ಒಂದ ತಕರಾರ ಹೇಳಬೇಕ್ರೀ" ಎಂದು ಕೈಮುಗಿದು ಕರೆಯುತ್ತಿದ್ದರು. ಹಾಲಿನವಳ ತಕರಾರಂತೂ ಊರಿಗೆಲ್ಲ ಬಾಯಿಪಾಠ: "ಡೊಳ್ಳು ಬಾರಿಸಿದರ ನನ್ನ ಎಮ್ಮಿ ಸೊರ ಬಿಡೂದಿಲ್ಲ, ಹಾಲ ಇಳಿಯೂದಿಲ್ಲ, ಬ್ಯಾಡ!" ಡೊಳ್ಳಿನವರು, "ಎಮ್ಮೀನ ನಮ್ಮ ಹಿತ್ತಲದಾಗ ಕಟ್ಟವ್ವಾ, ಹಿಂಡಿ ನಾವ ಹಾಕತೀವಿ" ಅನ್ನುತ್ತಿದ್ದರು. ಗಂಟು ಬಿಚ್ಚುತ್ತಿತ್ತು. ಹಾಲಿನವಳು ಮೊದಲ ಮಣೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದಳು.

ಇನ್ನೊಂದು ಮಾತು. ಚೌಕದಲ್ಲಿ ಕೂಗದ ಹೆಸರು ಆ ಊರಿನಲ್ಲಿ ಹೆಸರೇ ಅಲ್ಲ. ಹಳ್ಳದ ಆಚೆ ಇದ್ದವರು ತಮ್ಮ ಕೂಸುಗಳಿಗೆ ಗುಡಿಸಲೊಳಗೇ ಮೆತ್ತಗೆ ಹೆಸರಿಡುತ್ತಿದ್ದರು. ಆ ಹೆಸರು ಹಳ್ಳ ದಾಟುತ್ತಿರಲಿಲ್ಲ. ದಾಟಿ ಬಂದವರನ್ನು ಊರು ಕೆಲಸ ಹಿಡಿದು ಕರೆಯುತ್ತಿತ್ತು: ಏ ಸುಣ್ಣ, ಏ ಮಡಿಕೆ, ಏ ಹಗ್ಗ. ಅದಕ್ಕೇ ಈ ಕತೆಯಲ್ಲಿ ನಾನೂ ಯಾರ ಹೆಸರನ್ನೂ ಹೇಳುತ್ತಿಲ್ಲ. ಹಿರಿಯನಿಗೂ ಸಾಹುಕಾರನಿಗೂ ಉದ್ದುದ್ದ ಹೆಸರಿದ್ದವು, ಇರಲಿ. ಎಲ್ಲರಿಗೂ ಬಡಿಸುವಷ್ಟು ಇಲ್ಲದಿದ್ದರೆ ಪಾತ್ರೆಯ ಮುಚ್ಚಳ ತೆಗೆಯಬಾರದು.

ಹಳ್ಳದ ಆಚೆಯಿಂದ ದಿನಾ ಬೆಳಗ್ಗೆ ಒಬ್ಬ ಮುದುಕಿ ಬರುತ್ತಿದ್ದಳು. ಹಗ್ಗದ ಕೆಳಗೆ ಬಗ್ಗಿ ಚೌಕದೊಳಗೆ ಹೋಗುತ್ತಿದ್ದಳು. ಗುಡಿಸುತ್ತಿದ್ದಳು. ಮತ್ತೆ ಹಗ್ಗದ ಕೆಳಗೆ ಬಗ್ಗಿ ಹೊರಗೆ ಬರುತ್ತಿದ್ದಳು. ಊರಿನ ಮದುವೆಗಳ ಹೂವು, ತೊಟ್ಟಿಲುಗಳ ಕಡಲೆ ಸಿಪ್ಪೆ, ಕುಸ್ತಿಯ ಕೆಮ್ಮಣ್ಣು, ಎಲ್ಲವೂ ಅವಳ ಕಸಬರಿಗೆಯ ತುದಿಯಲ್ಲೇ ಮುಗಿಯುತ್ತಿದ್ದವು. ಆ ಕಸಬರಿಗೆಯ ಹೆಸರಿನಿಂದಲೇ ಊರು ಅವಳನ್ನು 'ಏ ಬಾರಿಗಿ' ಅನ್ನುತ್ತಿತ್ತು. ಅವಳ ಹೆಸರು ಅವಳಿಗೆ ಗೊತ್ತಿತ್ತು, ಅವಳ ಸೊಸೆಗೆ ಗೊತ್ತಿತ್ತು. ಒಮ್ಮೆ ಜ್ವರ ನೆತ್ತಿಗೇರಿ ಮಲಗಿದ್ದಾಗ, ಒದ್ದೆ ಬಟ್ಟೆ ಹಾಕುತ್ತಿದ್ದ ಸೊಸೆಯ ಕೈ ಹಿಡಿದು ತನ್ನ ಹೆಸರು ಹೇಳಿದ್ದಳು. "ಒಂದ ಸಲ ಹೆಸರ ಹಿಡದ ಕರಿಯವ್ವಾ, ಹೆಂಗ ಕೇಳಸತೈತಿ ನೋಡೂಣು" ಎಂದಿದ್ದಳು. ಅತ್ತೆಯ ಹೆಸರು ಹಿಡಿದು ಕರೆಯುವ ಸೊಸೆ ಎಲ್ಲಾದರೂ ಉಂಟೇ? ಸೊಸೆ ನಾಲಿಗೆ ಕಚ್ಚಿಕೊಂಡಳು. ಜ್ವರ ಇಳಿಯಿತು, ಮುದುಕಿ ಎದ್ದು ಕಸಬರಿಗೆ ಹಿಡಿದಳು, ಇಬ್ಬರೂ ಆ ಮಾತು ಮತ್ತೆ ಎತ್ತಲಿಲ್ಲ.

ಸೊಸೆಗೆ ಹೆಣ್ಣು ಕೂಸು ಹುಟ್ಟಿತು. ಕೂಸನ್ನು ಮಡಿಲಿಗೆ ಹಾಕಿಕೊಂಡ ಗಳಿಗೆಯಲ್ಲೇ ಮುದುಕಿ ತೀರ್ಮಾನಿಸಿದಳು: ಇವಳನ್ನು ಯಾರೂ 'ಏ ಬಾರಿಗಿ' ಅನ್ನಬಾರದು. ಇವಳ ಹೆಸರು ಚೌಕದಲ್ಲಿ ಕೂಗಬೇಕು, ಮೊದಲ ಹಲ್ಲು ಕಾಣುವ ಮುಂಚೆ ಕೂಗಬೇಕು. ಹಲ್ಲು ಬಂದ ಕೂಸಿಗೆ ಚೌಕದಲ್ಲಿ ಹೆಸರಿಡುವ ಪದ್ಧತಿ ಇರಲಿಲ್ಲ. ಹೆಸರನ್ನೂ ಆರಿಸಿಟ್ಟುಕೊಂಡಳು. ಇಷ್ಟು ವರ್ಷ ದೊಡ್ಡ ಮನೆಯ ತೊಟ್ಟಿಲುಗಳ ಹಿಂದೆ ನಿಂತು ಕೇಳಿದ ಹೆಸರುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು, ಎಲ್ಲಕ್ಕಿಂತ ಹೊಳೆಯುವಂಥದ್ದು.

ಮರುದಿನವೇ ಸಭೆಗೆ ಹೋದಳು. ಹೆದರಿಕೊಂಡೇನೂ ಅಲ್ಲ, ಕಸಬರಿಗೆಯನ್ನು ಬಾಗಿಲಿಗೆ ಒರಗಿಸಿ ನೆಟ್ಟಗೆ ಒಳಗೆ ಹೋದಳು.

"ಮೊಮ್ಮಗಳಿಗೆ ಚೌಕದಾಗ ತೊಟ್ಟಲಾ ಕಟ್ಟಬೇಕ್ರೀ ಹಿರೇರ. ಗಂಟ ಬಿಚ್ಚರಿ."

ಸಭೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಹಳ್ಳದ ಆಚೆಯವರು ಯಾರೂ ಇದನ್ನು ಕೇಳಿದ್ದೇ ಇಲ್ಲ. ಹಿರಿಯ ಮೀಸೆಯೊಳಗೆ ಮೆಲ್ಲಗೆ ನಕ್ಕ. "ಭಾಳ ಛಲೋ ಆತು. ನಮ್ಮದೇನೂ ಅಭ್ಯಂತರ ಇಲ್ಲವ್ವಾ."

"ನಿಮ್ಮದಿಲ್ಲ, ಖರೆ. ಯಾರದರೆ ಬೇಕಲ್ರೀ."

"ಹೌದು, ಬೇಕು. ಬ್ಯಾಡ ಅನ್ನಾವ್ರನ್ನ ಒಬ್ಬರನ್ನ ಕರಕೊಂಡ ಬಾ. ಕಲ್ಲಿನ ಮ್ಯಾಲ ಕುಂಡರಲಿ, ಹೇಳಲಿ. ಉತ್ತರ ಕೊಡು. ಬಿಚ್ಚತೀನಿ."

ಮುದುಕಿ ಗಹಗಹಿಸಿ ನಕ್ಕಳು. "ಬ್ಯಾಡ ಅನ್ನಾವ್ರಿಗೆ ಈ ಊರಾಗ ಬರಗಾಲ ಏನ್ರಿ? ಹುಟ್ಟಿದಾಗಿಂದ ನಾ ಕೇಳಿದ್ದ ಅದೊಂದ ಮಾತು. ನಾಳೆ ಮಂದೀನ ಕರಕೊಂಡ ಬರತೀನಿ, ಕಲ್ಲ ಸಾಲೂದಿಲ್ಲ ನೋಡ್ರಿ!"

ಎಲೆ ಅಡಿಕೆಯ ತಟ್ಟೆ ಹಿಡಿದು ಅವಳು ಮೊದಲು ಹೋದದ್ದು ಜವಳಿ ಸಾಹುಕಾರನ ಮನೆಗೆ. ಆತನ ಅಂಗಳಕ್ಕೆ ಅವಳ ನೆರಳು ಬಿದ್ದರೂ ಮೊದಲೆಲ್ಲ ಗುರ್ ಅನ್ನುತ್ತಿದ್ದವ. ಇವನಿಗಿಂತ ಒಳ್ಳೆಯ ತಕರಾರುದಾರ ಸಿಕ್ಕಾನೆಯೇ ಎಂದು ಅವಳ ಲೆಕ್ಕ.

"ಛೇ ಛೇ ಛೇ!" ಎಂದ ಸಾಹುಕಾರ. "ನಿನ್ನ ಮೊಮ್ಮಗಳ ತೊಟ್ಟಲಕ್ಕ ಬ್ಯಾಡ ಅನ್ನಾಕ ನನ್ನ ನಾಲಿಗಿ ಹೆಂಗ ಹೊಳ್ಳೀತು?"

"ಹೊಳ್ಳಸರಿ ಸಾವಕಾರ್ರ, ಒಂದ ಸಲ. ನಿಮಗೇನ ರೂಢಿ ಇಲ್ಲಂತ ಅಲ್ಲ."

"ಇಲ್ಲವ್ವಾ ಇಲ್ಲ. ನೀ ಆರಾಮ ಮಾಡಕೋ." ಬಾಗಿಲು ಮೆಲ್ಲಗೆ ಮುಚ್ಚಿತು. ದಡಾರನೆ ಮುಚ್ಚಿದ್ದರೆ ಮುದುಕಿಗೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಹಾಲಿನವಳ ಮನೆಗೆ ಹೋದಳು. ಹಾಲಿನವಳು ಎಮ್ಮೆಯ ಕೊರಳು ತಿಕ್ಕುತ್ತ, ಇವಳ ಕಡೆ ನೋಡದೆ, "ತೊಟ್ಟಲದಾಗ ಡೊಳ್ಳ ಎಲ್ಲೈತಿ ಯಕ್ಕಾ? ನನ್ನ ಎಮ್ಮಿಗೇನೂ ತ್ರಾಸಿಲ್ಲ" ಎಂದಳು.

"ಡೊಳ್ಳ ತರಸತೀನಿ."

"ಈಗ ಅದು ಡೊಳ್ಳಿಗೆ ಹೊಂದಕೊಂಡೈತಿ." ಹಾಲಿನವಳ ಕಿವಿ ಕೆಂಪಾಗಿದ್ದವು.

ಹೀಗೆ ಓಣಿ ಓಣಿ ಸುತ್ತಿದಳು. ಎಲ್ಲ ಬಾಗಿಲಲ್ಲೂ ಬೆಲ್ಲದಂಥ ಮಾತು. ನಮ್ಮದೇನಿಲ್ಲ, ನಿನಗೆ ಒಳ್ಳೇದಾಗಲಿ, ದೇವರು ದೊಡ್ಡವ. ಬೈದಿದ್ದರೆ ತಿರುಗಿ ಬೈಯುತ್ತಿದ್ದಳು, ಅಷ್ಟು ಬಾಯಿ ಅವಳಿಗಿತ್ತು. ಬೆಲ್ಲದ ಎದುರು ಏನು ಮಾಡುವುದು? ಯಾಕೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಕಲ್ಲಿನ ಮೇಲೆ ಕೂತು ಬೇಡ ಅಂದವರು ಆಮೇಲೆ ಮೊದಲ ಮಣೆಯ ಮೇಲೆ ಕೂರಬೇಕು, ಹಳ್ಳದ ಆಚೆಯ ತೊಟ್ಟಿಲನ್ನು ಸ್ವಂತ ಕೈಯಲ್ಲಿ ತೂಗಬೇಕು, ಸ್ವಂತ ಬಾಯಲ್ಲಿ ಆ ಹೆಸರು ಕೂಗಬೇಕು. ಅದು ಬೇಡವಾಗಿತ್ತು ಎಲ್ಲರಿಗೂ. ಬೇಡವಾದ್ದರಿಂದಲೇ ಯಾರೂ ಬೇಡ ಅನ್ನಲಿಲ್ಲ. ನೋಡಿ, ಎಂಥ ಒಳ್ಳೆಯ ಕಟ್ಟಳೆಯನ್ನೂ ಮನುಷ್ಯ ಎಷ್ಟು ನಾಜೂಕಾಗಿ ಮಗುಚಿ ಹಾಕುತ್ತಾನೆ!

ದಿನಾ ಸಂಜೆ ಖಾಲಿ ಕೈಯಲ್ಲಿ ಮುದುಕಿ ಗುಡಿಸಲಿಗೆ ಬರುತ್ತಿದ್ದಳು. ಮಗ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿರುತ್ತಿದ್ದ. ಚೌಕದ ಸುತ್ತ ಕಟ್ಟುವ ಹಗ್ಗವೂ ಅವನು ಹೊಸೆದದ್ದೇ. ಹೊಸೆಯುವಾಗ ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿದ್ದುದರಿಂದ ಅವನ ಬಾಯಿಂದ ಮಾತು ಬರುವುದು ಅಪರೂಪ. ಸೊಸೆ ಒಲೆಯ ಮುಂದಿನಿಂದ ದಿನಾ ಒಂದೇ ಮಾತು ಹೇಳುತ್ತಿದ್ದಳು.

"ಬ್ಯಾಡ ಅತ್ತಿ."

"ಬಾಯಿ ಮುಚ್ಚ. ಶುಭ ಕೆಲಸಕ್ಕ ಅಡ್ಡ ಮಾತಾಡಬ್ಯಾಡ."

ಸೊಸೆ ಬಾಯಿ ಮುಚ್ಚುತ್ತಿದ್ದಳು. ಮರುದಿನ ಸಂಜೆ ಮತ್ತೆ, "ಬ್ಯಾಡ ಅತ್ತಿ." ಮತ್ತೆ, "ಬಾಯಿ ಮುಚ್ಚ."

ಹೀಗೇ ತಿಂಗಳುಗಳು ಕಳೆದು ಕೂಸು ಜೊಲ್ಲು ಸುರಿಸತೊಡಗಿತು. ಕೈಗೆ ಸಿಕ್ಕಿದ್ದನ್ನೆಲ್ಲ ವಸಡಿಗೆ ತಿಕ್ಕುತ್ತಿತ್ತು, ಅಜ್ಜಿಯ ಬೆರಳು, ಅಪ್ಪನ ಹಗ್ಗದ ತುದಿ, ಸೌಟಿನ ಹಿಡಿ. ಒಂದು ಸಂಜೆ ಮುದುಕಿ ಬೆರಳು ಹಾಕಿ ನೋಡಿದರೆ ವಸಡು ಗಟ್ಟಿಯಾಗಿ ಉಬ್ಬಿತ್ತು. ಇವತ್ತೋ ನಾಳೆಯೋ ಅನ್ನುವಂತಿತ್ತು. ಅವಳು ಅಲ್ಲೇ ಕುಸಿದು ಕೂತಳು. ಅಷ್ಟು ದಿನದ ಧೈರ್ಯ ಮೊದಲ ಸಲ ಅಲುಗಾಡಿತು.

"ಇಷ್ಟ ದೊಡ್ಡ ಊರಾಗ," ಎಂದಳು, "ಒಂದು, ಒಂದ ಬಾಯಾಗರೆ ಬ್ಯಾಡ ಅನ್ನೂ ಮಾತು ಬರಬಾರದಾ?"

ಒಲೆಯ ಮುಂದಿನಿಂದ ಸೊಸೆ ಹೇಳಿದಳು. "ನಾ ದಿನಾ ಅನ್ನಾಕತ್ತೀನಲ್ಲ ಅತ್ತಿ."

ಮಗನ ಬಾಯಿಂದ ನಾರು ಕೆಳಗೆ ಬಿತ್ತು. ಮುದುಕಿ ಸೊಸೆಯನ್ನೇ ನೋಡಿದಳು, ನೋಡಿ ನೋಡಿ ಹಣೆ ಹಣೆ ಬಡಿದುಕೊಂಡು ನಗತೊಡಗಿದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಗಾದೆ ಕಟ್ಟಿದವರು ಇವಳನ್ನೇ ನೋಡಿ ಕಟ್ಟಿರಬೇಕು.

ನಗು ನಿಂತ ಮೇಲೆ, ಅಷ್ಟು ದಿನಗಳಲ್ಲಿ ಒಮ್ಮೆಯೂ ಕೇಳದ ಮಾತನ್ನು ಕೇಳಿದಳು. "ಯಾಕವ್ವಾ ಬ್ಯಾಡ?"

"ಕಲ್ಲಿನ ಮ್ಯಾಲ ಕುಂತ ಹೇಳತೀನಿ," ಎಂದಳು ಸೊಸೆ.

ಬೆಳಗ್ಗೆ ಚೌಕದ ಪಕ್ಕ ಸಭೆ ಕೂಡಿತ್ತು. ಅವತ್ತು ಜವಳಿ ಸಾಹುಕಾರನ ಮಗಳ ಮದುವೆಗೂ ಗಂಟು ಬಿಚ್ಚುವ ಮಾತಿತ್ತು. ಸಾಹುಕಾರ ತನ್ನ ಬೀಗರನ್ನು ತಕರಾರಿಗೆಂದು ಪೇಟ ಕಟ್ಟಿಸಿ ಕರೆತಂದಿದ್ದ. ಚೌಕದ ಸುತ್ತ ಊರಿನ ಅರ್ಧ ಜನ ನಿಂತಿತ್ತು. ಅವರ ನಡುವೆ ಹಾದು, ಕೂಸನ್ನು ಸೊಂಟದ ಮೇಲಿಟ್ಟುಕೊಂಡ ಸೊಸೆ ಬಂದು ಕರಿಕಲ್ಲಿನ ಮೇಲೆ ಕೂತೇಬಿಟ್ಟಳು.

"ಏ, ಅದ ನಮ್ಮ ಬೀಗರ ಜಾಗಾ!" ಎಂದ ಸಾಹುಕಾರ.

"ಯಾರು ಕುಂಡರತಾರೋ ಅವರ ಜಾಗಾ," ಎಂದಳು ಮುದುಕಿ. "ಹಿರೇರ, ತಕರಾರ ಬಂದೈತಿ. ಕೇಳ್ರಿ."

ಹಿರಿಯ ಗಂಟಲು ಸರಿಮಾಡಿಕೊಂಡ. "ಮನಿಯಾಕಿನ ತನ್ನ ಮನಿ ಕೆಲಸಕ್ಕ ಬ್ಯಾಡ ಅನ್ನೂದು ಪದ್ಧತಿ ಒಳಗ ಐತೇನು?"

ಸಭೆಯವರು ತಲೆಗೆ ತಲೆ ಕೂಡಿಸಿ ಗುಸುಗುಸು ಮಾಡಿದರು. ಕಟ್ಟಳೆಯಲ್ಲಿ ಇದ್ದದ್ದು 'ಒಬ್ಬರಾದರೂ' ಎಂದಷ್ಟೇ. ಯಾರು ಎಂದು ಇರಲಿಲ್ಲ. ಕಲ್ಲಿಗೆ ಮನೆ ಗೊತ್ತಾಗುವುದಿಲ್ಲ. ಹಿರಿಯ ಸೋತವನಂತೆ ಕೈಯಾಡಿಸಿದ. "ಹೇಳವ್ವಾ. ಯಾಕ ಬ್ಯಾಡ?"

ಸೊಸೆ ಯಾವತ್ತೂ ಚೌಕದಲ್ಲಿ ಮಾತಾಡಿದವಳಲ್ಲ. ಕೂಸನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು.

"ನೀವು ಗಂಟ ಬಿಚ್ಚತೀರಿ. ನಾವು ತೊಟ್ಟಲಾ ಕಟ್ಟತೀವಿ. ಒಬ್ಬರೂ ಬರೂದಿಲ್ಲ. ಯಾರ್ದೂ ಅಭ್ಯಂತರ ಇಲ್ಲ, ಯಾರೂ ಬರೂದೂ ಇಲ್ಲ. ಇಷ್ಟ ದೊಡ್ಡ ಚೌಕದಾಗ ನಮ್ಮ ಅತ್ತಿ ಒಬ್ಬಾಕಿನ ನಿಂತ ನನ್ನ ಮಗಳ ಹೆಸರ ಕೂಗತಾಳ. ಮರುದಿನ ಮುಂಜಾನೆ ಬಂದು ಆ ಹೆಸರನ್ನೂ ಆಕಿನ ಗುಡಸತಾಳ. ಅದನ್ನ ನೋಡಾಕ ನನ್ನ ಕಡೆ ಆಗೂದಿಲ್ರೀ. ಅದಕ್ಕ ಬ್ಯಾಡ."

ದಿನಾ ಸಂಜೆ ತಾನು ಬಾಯಿ ಮುಚ್ಚಿಸಿದ್ದು ಈ ಮಾತನ್ನೇ ಎಂದು ಮುದುಕಿಗೆ ಈಗ ಗೊತ್ತಾಯಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಈ ಹುಡುಗಿಯ ಮೇಲೆ ಪ್ರೀತಿ ಉಕ್ಕಿ ಬಂತು.

"ಉತ್ತರ ಕೊಡು," ಎಂದ ಹಿರಿಯ ಮುದುಕಿಗೆ.

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇದಕ್ಕ ನನ್ನ ಹಂತೇಕ ಉತ್ತರ ಇಲ್ರೀ ಹಿರೇರ. ಎಮ್ಮಿ ಕಟ್ಟಬೇಕಂದಿದ್ದರ ಹಿತ್ತಲಾ ಕೊಡತಿದ್ನಿ. ಗದ್ದಲಾ ಬ್ಯಾಡಂದಿದ್ದರ ಮೆತ್ತಗ ಮಾಡತಿದ್ನಿ. ಬರೂ ಕಾಲು ನನ್ನೂವಲ್ಲ. ಯಾರ ಕಾಲೋ ಅವರ ಉತ್ತರ ಕೊಡಬೇಕು."

ಹಿರಿಯ ಜನರ ಕಡೆ ನೋಡಿದ. ಜನ ನೆಲ ನೋಡಿತು. ಸೊಸೆ ಕಲ್ಲು ಬಿಟ್ಟು ಏಳಲಿಲ್ಲ. ಕಟ್ಟಳೆಯ ಉಳಿದ ಅರ್ಧ ಈಗ ಎಲ್ಲರಿಗೂ ನೆನಪಾಯಿತು: ಕಲ್ಲಿನ ಮೇಲೆ ಬಿದ್ದ ಬೇಡಕ್ಕೆ ಉತ್ತರ ಸಿಗುವ ತನಕ ಬೇರೆ ಯಾರ ಕೆಲಸಕ್ಕೂ ಗಂಟು ಬಿಚ್ಚುವಂತಿಲ್ಲ. ಬಿಸಿಲೇರಿತು. ಬೀಗರ ಪೇಟದ ಕೆಳಗಿಂದ ಬೆವರು ಇಳಿಯಿತು. ಕೂಸು ಕಿರಿಕಿರಿ ಮಾಡಿತು, ಸೊಸೆ ಸೆರಗು ಮರೆಮಾಡಿ ಅಲ್ಲೇ ಹಾಲು ಕುಡಿಸಿದಳು. ಮುದುಕಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಎಷ್ಟು ಹೊತ್ತಾದರೂ ಆಗಲಿ, ಅವಳಿಗೇನೂ ಅವಸರವಿರಲಿಲ್ಲ.

ಮೊದಲು ಮುಂದೆ ಬಂದವಳು ಹಾಲಿನವಳು. ಬರುತ್ತಲೇ ಸಿಟ್ಟಿನಲ್ಲಿದ್ದಳು, ಯಾರ ಮೇಲೆ ಎಂದು ಅವಳಿಗೂ ಗೊತ್ತಿದ್ದಂತಿರಲಿಲ್ಲ.

"ನಾ ಬರತೀನಿ!" ಎಂದು ಕೂಗಿದಳು. "ನನ್ನ ಎಮ್ಮಿ ಈಯೂ ಮುಂದ ಕರು ಅಡ್ಡಾಗಿ ಸಿಕ್ಕೊಂಡಾಗ ಇಡೀ ಓಣಿ ನಿದ್ದಿ ಹೊಡೀತಿತ್ತು. ಬಾರಿಗಿ ಒಗದ ಓಡಿ ಬಂದಾಕಿ ಈ ಮುದುಕಿ. ನಾಚಿಗ್ಗೇಡಿ ನಾನು, ಎಮ್ಮಿ ಹೊಂದಕೊಂಡೈತಿ ಅಂತ ಸುಳ್ಳ ಹೇಳಿದ್ನಿ. ಬರತೀನಿ, ಬರತೀನಿ, ಬರತೀನಿ!"

ಅದಾದ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು. ಡೊಳ್ಳಿನವರು ಬರುತ್ತೇವೆ ಅಂದರು, ಡೊಳ್ಳು ತರಬೇಕೋ ಬೇಡವೋ ಎಂದು ಅಲ್ಲೇ ಜಗಳ ಶುರು ಮಾಡಿದರು. ಸಾಹುಕಾರ ಬೀಗರ ಮುಖ ನೋಡಿದ, ಬಿಸಿಲು ನೋಡಿದ, "ಬರತೀನೆಪಾ ಬರತೀನಿ, ಮೊದಲ ಈಕಿನ ಕಲ್ಲಿಂದ ಎಬ್ಬಸರಿ" ಎಂದ. ಮನಸ್ಸಿನಿಂದ ಅಂದನೋ ಮದುವೆಯ ಅವಸರಕ್ಕೆ ಅಂದನೋ, ಕಲ್ಲಿನ ಮುಂದೆ ಅಂದ ಮಾತು ಅಂದದ್ದೇ. ಬರಬೇಕು.

ಸೊಸೆ ಮಾತ್ರ ಇನ್ನೂ ಏಳಲಿಲ್ಲ. ಹಿರಿಯನನ್ನೇ ನೋಡುತ್ತ ಕೂತಳು.

"ಮತ್ತೇನವ್ವಾ?"

"ನೀವು?"

ಹಿರಿಯ ಎಷ್ಟೋ ತೊಟ್ಟಿಲುಗಳಿಗೆ ಗಂಟು ಬಿಚ್ಚಿದವ. ಅವನಿಗೆ ಇದನ್ನು ಯಾರೂ ಕೇಳಿದ್ದಿಲ್ಲ. ಮೀಸೆಯ ಮೇಲೆ ಹೋದ ಕೈ ಅಲ್ಲೇ ನಿಂತಿತು. ನಗು ಮಾಯವಾಗಿತ್ತು. ಆಮೇಲೆ, ಬಿಗಿದ ಗಂಟಿನಿಂದ ಎಳೆ ಎಳೆದಂತೆ, ಒಂದು ಮಾತು ಬಂತು.

"ಬರತೀನಿ."

"ಹಂಗಾದರ ನನ್ನ ತಕರಾರಿಲ್ರೀ," ಎಂದು ಸೊಸೆ ಎದ್ದಳು.

ಹಿರಿಯ ಹೋಗಿ ಗಂಟು ಬಿಚ್ಚಿದ. "ಆಗಲಿ," ಎಂದ. ಬಿಚ್ಚಿದ ಹಗ್ಗವನ್ನು ಸುತ್ತಿಡುವಷ್ಟರಲ್ಲಿ ಹಗ್ಗ ಹೊಸೆಯುವವ ಮುಂದೆ ಬಂದು ಕೈ ಚಾಚಿದ. ಅವನ ದನಿ ಕೇಳಿ ಅರ್ಧ ಊರು ತಿರುಗಿ ನೋಡಿತು. "ಆ ಹಗ್ಗ ಕೊಡ್ರಿ. ತೊಟ್ಟಲಕ್ಕ ಬೇಕು. ನಾನ ಹೊಸೆದದ್ದು, ಗಟ್ಟಿ ಐತಿ."

ಅವತ್ತು ಸಂಜೆಯೇ ಚೌಕದ ಬೇವಿನ ಕೊಂಬೆಗೆ ತೊಟ್ಟಿಲು ಕಟ್ಟಿದರು. ಊರಿಗೆ ಊರೇ ಬಂತು ಎಂದರೆ ಸುಳ್ಳಾದೀತು. ಕೆಲವರಿಗೆ ಅವತ್ತೇ ತಲೆನೋವು ಬಂತು, ಕೆಲವರ ಮನೆಗೆ ಅವತ್ತೇ ನೆಂಟರು ಬಂದರು. ಆದರೆ ಹಾಲಿನವಳು ಬಂದಳು, ಎಮ್ಮೆಯನ್ನೂ ಹೊಡೆದುಕೊಂಡು ಬಂದಳು. ಡೊಳ್ಳಿನವರು ಡೊಳ್ಳು ತಂದರು. ಸಾಹುಕಾರ ಒಂದು ಅಂಗೈಯಗಲ ರೇಷ್ಮೆಯ ತುಂಡು ಹಿಡಿದುಕೊಂಡು ಬಂದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದಾಡಿದ. ಹಿರಿಯ ಬಂದ. ಹಳ್ಳದ ಆಚೆಯ ಓಣಿಯಂತೂ ಕೂಸುಕುನ್ನಿ ಸಮೇತ ಬಂತು. ಚೌಕ ತುಂಬಲಿಲ್ಲ, ಆದರೆ ಖಾಲಿಯೂ ಇರಲಿಲ್ಲ.

ಮುದುಕಿ ಬಂದಳು. ದಿನಾ ಬಗ್ಗುವ ಜಾಗ ಬಂದಾಗ ಬಗ್ಗಿದಳು. ಹಗ್ಗ ಇರಲಿಲ್ಲ. ಬಗ್ಗಿದ ಮೇಲೆ ಅದು ನೆನಪಾಗಿ, ಹುಸಿನಗುತ್ತ ಬೆನ್ನು ನೆಟ್ಟಗೆ ಮಾಡಿಕೊಂಡಳು. ಸೊಸೆಯ ಹತ್ತಿರ ಹೋಗಿ ಕಿವಿಯಲ್ಲಿ ಆ ಉದ್ದದ, ಹೊಳೆಯುವ ಹೆಸರನ್ನು ಹೇಳಿದಳು. ಆಮೇಲೆ ಹಿಂದಕ್ಕೆ ಹೋಗಿ, ಮುಗಿದ ಮೇಲೆ ಗುಡಿಸಬೇಕಲ್ಲ ಎಂದು, ಎಂದಿನಂತೆ ಜನರ ಬೆನ್ನ ಹಿಂದೆ ಕಸಬರಿಗೆ ಹಿಡಿದು ನಿಂತಳು.

ಮೊದಲ ಮಣೆ ತಕರಾರು ಹೇಳಿದವಳದು. ಸೊಸೆ ಮಣೆಯ ಮೇಲೆ ಕೂತಳು. ತೊಟ್ಟಿಲನ್ನು ಮೊದಲು ತೂಗಿದಳು. ಹೆಸರನ್ನು ಮೊದಲು ಕೂಗುವ ಬಾಯಿ ಅವಳದು, ಅವಳು ಕೂಗಿದ್ದೇ ಹೆಸರು. ಅವಳು ತಲೆಯೆತ್ತಿ ಜನರಾಚೆ ಒಮ್ಮೆ ನೋಡಿದಳು. ಜ್ವರದ ದಿನದಂತೆ ಈ ಸಲ ನಾಲಿಗೆ ಕಚ್ಚಿಕೊಳ್ಳಲಿಲ್ಲ. ಕಿವಿಯಲ್ಲಿ ಹೇಳಿದ್ದನ್ನು ಕೂಗಲೂ ಇಲ್ಲ.

"ಬಾಳವ್ವಾ!" ಎಂದು ಕೂಗಿದಳು.

"ಬಾಳವ್ವಾ!" ಎಂದಳು ಹಾಲಿನವಳು. "ಬಾಳವ್ವಾ!" ಎಂದ ಹಿರಿಯ. ಡೊಳ್ಳು ಬಿತ್ತು. ಸಾಹುಕಾರನೂ ಬೀಗರೂ ಹಳ್ಳದ ಆಚೆಯವರೂ ಒಂದೇ ಉಸಿರಿನಲ್ಲಿ, ಚೌಕದ ನಾಲ್ಕೂ ಮೂಲೆಗೆ ಕೇಳುವಂತೆ ಕೂಗಿದರು.

"ಬಾಳವ್ವಾ!"

ತೊಟ್ಟಿಲಲ್ಲಿದ್ದ ಬಾಳವ್ವ ಮುಷ್ಟಿ ಬಾಯಿಗಿಟ್ಟುಕೊಂಡು ನಿದ್ದೆ ಹೋಗಿದ್ದಳು. ಜನರ ಬೆನ್ನ ಹಿಂದೆ ಕಸಬರಿಗೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಓ," ಎಂದಳು ಮುದುಕಿ.